ನಲವತ್ತು ದಿನದ ಬೆಂಕಿ

ಮೊನ್ನೆ ಕಾರಿನ ಎಸಿ ಕೆಟ್ಟಿತೆಂದು ಮಸ್ಕತ್ತಿನ ಗ್ಯಾರೇಜುಗಳ ಕೇರಿ ಘಾಲಾಕ್ಕೆ ಹೋಗಿದ್ದೆ. ಗ್ಯಾರೇಜಿನ ಪಠಾಣ ಬಾನೆಟ್ ಎತ್ತಿ ನೋಡಿ ಎರಡು ಗಂಟೆಯಾದರೂ ಬೇಕು ಅಂದ. ಕೂರಲು ಅವನಲ್ಲಿದ್ದದ್ದು ಒಂದು ಹಳೆ ಟಯರು. ಅದರ ಮೇಲೆ ಕುಕ್ಕರಿಸಿ ಬೆವರು ಒರೆಸಿಕೊಳ್ಳುವ ವಯಸ್ಸು ನನ್ನದಲ್ಲ ಎಂದು ಎದ್ದು ರಸ್ತೆ ಹಿಡಿದೆ. ಎರಡು ತಿರುವು ಆಚೆ ಯಾರೋ ಹೊಸದಾಗಿ ರೊಟ್ಟಿ ಅಂಗಡಿ ಹಾಕುತ್ತಿದ್ದರು. ಆಗಷ್ಟೇ ಮೆತ್ತಿದ ತಂದೂರಿನೊಳಗೆ ಇದ್ದಿಲು ತುಂಬಿ ಮಣ್ಣನ್ನು ಮೊದಲ ಸಲ ಕಾಯಿಸುತ್ತಿದ್ದರು. ಹಸಿಮಣ್ಣು, ಅದರೊಳಗಿನ ನಾರು, ಇದ್ದಿಲು ಮೂರೂ ಸೇರಿದಾಗ ಬರುವ ಒಂದು ವಾಸನೆ ಉಂಟು. ಅದು ಮೂಗಿಗೆ ಬಡಿದದ್ದೇ ನನ್ನ ಕಾಲು ಮುಂದೆ ಹೋಗಲಿಲ್ಲ. ಅಂಗಡಿಯವನು, "ಖುಬ್ಬೂಸ್ ನಾಳೆಯಿಂದ ಸಿಗುತ್ತದೆ ಭಾಯಿ" ಎಂದು ನಕ್ಕ. ನನಗೆ ನಗು ಬರಲಿಲ್ಲ.

ಅದೇ ಬೀದಿಯ ಕೊನೆಯಲ್ಲಿ ನಾನು ಮ್ಯಾನೇಜರ್ ಆಗಿದ್ದ ಶೆಡ್ಡು ಇತ್ತು. ಈಗ ಅಲ್ಲಿ ಯಾರದೋ ಟೈಲ್ಸ್ ಗೋದಾಮು. ನಾವು ಗೇಟು, ರೇಲಿಂಗು, ನೀರಿನ ಟ್ಯಾಂಕು ಮಾಡುತ್ತಿದ್ದೆವು. ನಾಲ್ಕು ವರ್ಷದ ಹಿಂದಿನ ಆ ಬೇಸಿಗೆಯಲ್ಲಿ ಕೆಲಸ ಕಡಿಮೆಯಾಗಿತ್ತು. ಇಬ್ಬರು ಸೂಪರ್‌ವೈಸರುಗಳನ್ನು ಊರಿಗೆ ಕಳಿಸಿಯಾಗಿತ್ತು. ನನ್ನ ವೀಸಾ ಸೆಪ್ಟೆಂಬರಿನಲ್ಲಿ ನವೀಕರಣವಾಗಬೇಕು, ಮಗಳು ಹನ್ನೆರಡನೇ ಕ್ಲಾಸು. ನಡುವೆ ಊರಿಗೆ ಹೊರಡು ಅಂದರೆ ಅವಳ ಓದು ಮಣ್ಣುಪಾಲು. ಹಾಗಾಗಿ ಕಲೆಯ ಗ್ಯಾಲರಿಯವರು ಒಬ್ಬ ಇಟಾಲಿಯನ್ ಶಿಲ್ಪಿಗೆ ಜಾಗ ಮತ್ತು ಜನ ಬೇಕು ಎಂದು ನಮ್ಮ ವೀಸಾ ಕೊಟ್ಟ ಧಣಿ ಕಫೀಲ್ ಬಳಿ ಬಂದಾಗ, ಬೇರೆ ಯಾರೂ ಬಾಯಿ ತೆರೆಯುವ ಮೊದಲೇ ನಾನು ಮುಂದೆ ನಿಂತೆ. "ಅರ್ಬಾಬ್, ಇದು ನನ್ನ ಜವಾಬ್ದಾರಿ" ಎಂದೆ. ಕಫೀಲ್ ಗಡ್ಡ ನೀವಿಕೊಂಡು, "ಖಲಾಸ್, ನೀನೇ ನೋಡಿಕೋ. ಹೆಚ್ಚುಕಡಿಮೆಯಾದರೆ ನಿನ್ನನ್ನೇ ಕೇಳುವುದು" ಅಂದರು. ಅವರು ಒಳ್ಳೆಯ ಮನುಷ್ಯ, ಬೆದರಿಸಲು ಹೇಳಿದ್ದಲ್ಲ. ನಾನು ಮಾತ್ರ ಬೆದರಿದೆ.

ಜೂನ್ ಮೊದಲ ವಾರ ಬ್ರೂನೊ ಬಂದರು. ಶಿಲ್ಪಿ ಅಂದರೆ ಅಮೃತಶಿಲೆ, ಉಳಿ, ಕಪ್ಪು ಕನ್ನಡಕ ಎಂದೆಲ್ಲ ಎಣಿಸಿಕೊಂಡಿದ್ದೆ. ಇಳಿದದ್ದು ಎಪ್ಪತ್ತು ದಾಟಿದ, ಹರಿದ ಕ್ಯಾನ್ವಾಸ್ ಶೂ ಹಾಕಿದ, ಕೆಮ್ಮುವ ಒಂದು ಸಣಕಲು ಜೀವ. ಮರುದಿನದಿಂದಲೇ ಹೆಗಲಿಗೊಂದು ಗೋಣಿಚೀಲ ಹಾಕಿಕೊಂಡು ಘಾಲಾದ ಬೀದಿ ಸುತ್ತತೊಡಗಿದರು. ತುಕ್ಕು ಹಿಡಿದ ಸ್ಪ್ರಿಂಗು, ಸೀಳಿದ ಸೈಲೆನ್ಸರು, ತುಪ್ಪದ ಖಾಲಿ ಡಬ್ಬಿ, ಸಿಮೆಂಟಿನ ಹರಕು ಚೀಲ ಎಲ್ಲವೂ ಬೇಕು. ಒಬ್ಬ ಮೆಕ್ಯಾನಿಕ್ ಇವರನ್ನು ಭಿಕ್ಷುಕ ಎಂದು ತಿಳಿದು ಕೂರಿಸಿ ಚಹಾ ಕೊಟ್ಟು, ಎರಡು ಖುಬ್ಬೂಸ್ ಕಟ್ಟಿ ಕಳಿಸಿದ್ದ. ಅದನ್ನು ನನಗೆ ತೋರಿಸಿ ಮಗುವಿನಂತೆ ಖುಷಿಪಟ್ಟರು. ಸೊಹಾರಿನ ಕಡೆ ಪುರಾತನ ಕಾಲದಲ್ಲಿ ತಾಮ್ರ ಕರಗಿಸಿದ ಕಿಟ್ಟದ ದಿಬ್ಬಗಳಿವೆ. ಅಲ್ಲಿಂದ ಸೀದುಹೋದ ಬೆಲ್ಲದ ಹಾಗಿನ ಕರಿ ಕಲ್ಲುಗಳನ್ನು ಪಿಕಪ್ಪಿನಲ್ಲಿ ತುಂಬಿಸಿ ತಂದೆವು. ನಮ್ಮ ಹುಡುಗರು ಅವರನ್ನು ಮೇಸ್ತ್ರಿ ಎಂದು ಕರೆದರು, ಆ ಹೆಸರೇ ಉಳಿಯಿತು.

ಅವರು ಮಾಡಹೊರಟದ್ದು ಏನೆಂದು ನನಗೆ ಅರ್ಥವಾಗಲು ಒಂದು ವಾರ ಹಿಡಿಯಿತು. ಸೀಸವನ್ನು ಚಿನ್ನ ಮಾಡುತ್ತೇವೆ ಎಂದು ಹೊರಟ ಹಳೆಯ ರಸವಾದಿಗಳ ಕಥೆ ನಾವೆಲ್ಲ ಕೇಳಿದ್ದೇವಷ್ಟೆ. ಇವರು ಅವರ ದಾರಿ ಹಿಡಿದವರು. ಸೊಂಟದೆತ್ತರದ ಒಂದು ಮಣ್ಣಿನ ಮೊಟ್ಟೆ ಮಾಡಿ, ಒಳಗೆ ಸೀಸ, ಗಂಧಕ, ಮೀನಿಗೆ ಹಾಕುವ ಕಲ್ಲುಪ್ಪು, ಆ ತಾಮ್ರದ ಕಿಟ್ಟ ಎಲ್ಲ ತುಂಬಿಸಿ, ಬಾಯಿ ಮುಚ್ಚಿ, ನಲವತ್ತು ದಿನ ಹದವಾದ ಶಾಖದಲ್ಲಿ ಇಡುವುದು. ಬೆಂಕಿ ಒಂದು ಗಳಿಗೆಯೂ ಆರಬಾರದು. ಕೊನೆಗೆ ಮೊಟ್ಟೆ ಒಡೆದು, ಒಳಗೆ ಹುಟ್ಟಿದ ಗಟ್ಟಿಯನ್ನು ಗೋಣಿ, ಮೇಣ, ತಗಡಿನ ಹಾಸಿಗೆಯ ಮೇಲೆ ಮಲಗಿಸುವುದು. ಅದೇ ಶಿಲ್ಪ. "ಚಿನ್ನ ಬರುತ್ತದಾ?" ಎಂದು ಕೇಳಿದೆ. ಅವರು ತಮ್ಮ ಮುರುಕು ಇಂಗ್ಲಿಷಿನಲ್ಲಿ, "ಚಿನ್ನ ಮುಖ್ಯವಲ್ಲ. ಮೊದಲು ಒಳಗಿನದ್ದು ಸಾಯಬೇಕು, ಕಪ್ಪಾಗಬೇಕು. ಆಮೇಲೆ ಬಿಳಿ, ಆಮೇಲೆ ಕೆಂಪು. ಜನರಿಗೆ ಕಪ್ಪಿನಲ್ಲಿ ಕಾಯುವ ತಾಳ್ಮೆ ಇರುವುದಿಲ್ಲ" ಅಂದರು. ನಾನು ಹೌದು ಹೌದು ಎಂದು ತಲೆಯಾಡಿಸಿ, ಈ ಹುಚ್ಚಿಗೆಲ್ಲ ಎಷ್ಟು ಇದ್ದಿಲು ತರಿಸಬೇಕು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ.

ಬೆಂಕಿ ಕಾಯಲು ಯಾರು? ನಮ್ಮಲ್ಲಿ ವೆಲ್ಡರುಗಳಿದ್ದರು, ಬೆಂಕಿ ಬಲ್ಲವನು ಒಬ್ಬನೇ, ದಾಮೋದರ. ಕಾರ್ಕಳದ ಕಡೆಯ ಕಂಚುಗಾರರ ಮನೆಯವನು, ನಲವತ್ತರ ಆಸುಪಾಸು. ಅಪ್ಪ, ಚಿಕ್ಕಪ್ಪ ಗಂಟೆ, ದೀಪ ಎರಕ ಹೊಯ್ಯುತ್ತಿದ್ದವರು. ಅದರಲ್ಲಿ ಹೊಟ್ಟೆ ತುಂಬದೆ ಇವನು ವೆಲ್ಡಿಂಗ್ ಕಲಿತು ಮಸ್ಕತ್ ಸೇರಿದ್ದ. ನಾನು ಹಿರಿಯಡ್ಕದವನು. ನಾವಿಬ್ಬರು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಹನ್ನೊಂದು ವರ್ಷದಿಂದ ನನ್ನನ್ನು ಅಣ್ಣ ಎಂದೇ ಕರೆಯುತ್ತಿದ್ದ, ಹಬ್ಬಕ್ಕೆ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದ. ಇಂಗ್ಲಿಷ್ ಬರುತ್ತಿರಲಿಲ್ಲ. ಬ್ರೂನೊಗೆ ಹಿಂದಿ ಬರುತ್ತಿರಲಿಲ್ಲ. ನಡುವೆ ನಾನು ದುಭಾಷಿ.

ಆದರೆ ಕೆಲಸಕ್ಕೆ ಇಳಿದ ಮೇಲೆ ಅವರಿಗೆ ನನ್ನ ಅಗತ್ಯ ಬೀಳಲಿಲ್ಲ. ಬ್ರೂನೊ ಮಣ್ಣು ಕಲಸುತ್ತಿದ್ದಾಗ ದಾಮೋದರ ಒಂದು ಚಿಟಿಕೆ ಬೆರಳಲ್ಲಿ ಉಜ್ಜಿ ನೋಡಿ ಬೇಡ ಎಂದು ಕೈಯಾಡಿಸಿದ. ಗೋಣಿಯನ್ನು ಬಿಚ್ಚಿ, ನಾರನ್ನು ಉಗುರಿನಷ್ಟು ಉದ್ದಕ್ಕೆ ಕತ್ತರಿಸಿ ಮಣ್ಣಿಗೆ ಸೇರಿಸಿದ. ಇಲ್ಲದಿದ್ದರೆ ಕಾಯುವಾಗ ಬಿರಿಯುತ್ತದಂತೆ, ಅವನ ಚಿಕ್ಕಪ್ಪ ಗಂಟೆಯ ಅಚ್ಚಿಗೆ ಹಾಗೇ ಮಾಡುತ್ತಿದ್ದರಂತೆ. ಬ್ರೂನೊ ಅವನ ಕೈಯನ್ನೇ ನೋಡುತ್ತಾ ನಿಂತರು. ಶಾಖ ನೋಡಲು ನಾನು ಒಂದು ಮೀಟರ್ ತರಿಸಿದ್ದೆ. ದಾಮೋದರ ಅದನ್ನು ಒಪ್ಪಲಿಲ್ಲ. ಮೊಟ್ಟೆಯಿಂದ ಒಂದು ಗೇಣು ದೂರದಲ್ಲಿ ಅಂಗೈ ಹಿಡಿದು ಎಣಿಸುವುದು, ಎಂಟರವರೆಗೆ ತಾಳಬೇಕು, ಒಂಬತ್ತಕ್ಕೆ ಕೈ ತೆಗೆಯಲೇಬೇಕು ಎನ್ನುವಂತಿರಬೇಕು. ಅದು ಹದ. ಮೂರನೇ ದಿನ ಬ್ರೂನೊ ಆ ಮೀಟರನ್ನು ತೆಗೆದು ತಮ್ಮ ಗೋಣಿಚೀಲಕ್ಕೆ ಹಾಕಿಕೊಂಡರು, ಶಿಲ್ಪಕ್ಕೆ ಬೇಕಾಗಬಹುದು ಎಂದು. ನನಗೆ ರೇಗಿತು. ಹೊಸಾ ಮೀಟರು ಮಾರಾಯರೇ!

ಶೆಡ್ಡಿನ ಗೋಡೆಯ ಮೇಲೆ ಬ್ರೂನೊ ಇದ್ದಿಲಿನಿಂದ ಚಿತ್ರ ಬರೆದಿದ್ದರು. ಕಾಗೆ, ಹಂಸ, ಸೂರ್ಯ, ಚಂದ್ರ, ತನ್ನ ಬಾಲವನ್ನೇ ಬಾಯಲ್ಲಿ ಕಚ್ಚಿಕೊಂಡ ಒಂದು ಹಾವು. ದಾಮೋದರ ಹಾವನ್ನು ತುಂಬ ಹೊತ್ತು ನೋಡಿ, "ಅಣ್ಣ, ಇದು ನಾಗನಾ?" ಎಂದು ಕೇಳಿದ. "ಎಂಥ ನಾಗ! ಅವರ ದೇಶದ ರಸವಾದದ ಗುರುತು ಅದು" ಎಂದೆ. ಮರುದಿನದಿಂದ ದಾಮೋದರ ಒಲೆಯ ಹತ್ತಿರ ಹೋಗುವಾಗ ಚಪ್ಪಲಿ ಹೊರಗೆ ಬಿಡತೊಡಗಿದ. ನಾಲ್ಕು ದಿನ ಕಳೆದು ನೋಡಿದರೆ ಬ್ರೂನೊ ಅವರ ಹರಿದ ಶೂ ಕೂಡ ಅವನ ಚಪ್ಪಲಿಯ ಪಕ್ಕದಲ್ಲಿತ್ತು. "ಇನ್ನು ಒಂದು ಕಾಣಿಕೆ ಡಬ್ಬಿ ಇಡುವುದೊಂದು ಬಾಕಿ" ಎಂದು ತಮಾಷೆ ಮಾಡಿದೆ. ದಾಮೋದರ ನಕ್ಕ. ಆಗ ಅವನು ನಗುತ್ತಿದ್ದ.

ಬೆಂಕಿ ಹಚ್ಚಿದ್ದು ಜೂನ್ ಕೊನೆಗೆ. ಮಸ್ಕತ್ತಿನ ಆ ದಿನಗಳು ಗೊತ್ತಿದ್ದವರಿಗೆ ಗೊತ್ತು. ಬೆಳಿಗ್ಗೆ ಏಳಕ್ಕೇ ಅಂಗಿ ಬೆನ್ನಿಗೆ ಅಂಟಿರುತ್ತದೆ. ನಲ್ಲಿಯ ತಣ್ಣೀರು ಕೈ ಸುಡುತ್ತದೆ. ಮಧ್ಯಾಹ್ನ ಹೊರಗಿನ ಕೆಲಸಕ್ಕೆ ಸರಕಾರದ ರಜೆ, ಆಗ ಇಡೀ ಘಾಲಾ ಬಾಗಿಲು ಹಾಕಿಕೊಂಡು ಮಲಗುತ್ತದೆ. ಆ ಹೊತ್ತಿನಲ್ಲೂ ತಗಡಿನ ಮಾಡಿನ ಕೆಳಗೆ ಈ ಇಬ್ಬರು ಬೆಂಕಿಯ ಎದುರು ಕೂತಿರುತ್ತಿದ್ದರು, ಸರದಿಯ ಮೇಲೆ. ದಾಮೋದರ ಕ್ಯಾಂಪಿನ ಕೋಣೆ ಬಿಟ್ಟು ಶೆಡ್ಡಿನಲ್ಲೇ ಒಂದು ಮಂಚ ಹಾಕಿಕೊಂಡ. ಗ್ಯಾಲರಿಯವರು ಬಂದು ಫೋಟೊ ತೆಗೆದರು, ನಲವತ್ತು ದಿನ ಆರದ ಬೆಂಕಿ ಎಂದು ಎಲ್ಲೆಲ್ಲೋ ಹಾಕಿದರು. ಕಫೀಲ್ ತಮ್ಮ ನೆಂಟರನ್ನು ಕರೆತಂದು ತೋರಿಸಿದರು. ನಾನು ದಿನಕ್ಕೆ ಎರಡು ಸಲ ಬಂದು, "ಆರಲಿಲ್ಲ ತಾನೇ?" ಎಂದು ಕೇಳುತ್ತಿದ್ದೆ. ಮನೆಯಲ್ಲಿ ಊಟಕ್ಕೆ ಕೂತರೂ ಅದೇ ಮಾತು. ಮಗಳು ಮೊಬೈಲಿನಿಂದ ತಲೆಯೆತ್ತದೆ, "ಇಟ್ಸ್ ಜಸ್ಟ್ ಅ ಫೈರ್, ಪಪ್ಪಾ" ಅನ್ನುತ್ತಿದ್ದಳು.

ಇಪ್ಪತ್ತೊಂಬತ್ತನೇ ದಿನ ನಾನು ಶೆಡ್ಡಿಗೆ ಬಂದಾಗ ಏಳೂವರೆ. ಬ್ರೂನೊ ಹಿಂದಿನ ದಿನವೇ ಸೂರ್ ಬಂದರಿಗೆ ಹೋಗಿದ್ದರು, ಹಳೆಯ ಹಡಗುಗಳಿಂದ ಕಿತ್ತ ಮೊಳೆಗಳನ್ನು ತರಲು, ಸಂಜೆ ಬರುವವರು. ಬಾಗಿಲಲ್ಲೇ ನನಗೆ ಏನೋ ಬೇರೆಯಾಗಿದೆ ಅನ್ನಿಸಿತು. ಹೊಗೆಯ ವಾಸನೆ ಇರಲಿಲ್ಲ. ದಾಮೋದರ ತಲೆಯಿಂದ ನೀರು ಸುರಿಸಿಕೊಂಡು, ಸೊಂಟಕ್ಕೆ ಒದ್ದೆ ಬೈರಾಸು ಸುತ್ತಿಕೊಂಡು ಶೆಡ್ಡಿನ ಹೊರಗೆ ಸಿಮೆಂಟಿನ ಕಟ್ಟೆಯ ಮೇಲೆ ಕೂತಿದ್ದ.

"ಅಮ್ಮ ಹೋದ್ರು ಅಣ್ಣ" ಅಂದ. "ತಮ್ಮನ ಫೋನು ಬಂತು ಬೆಳಗಿನ ಜಾವ."

"ಅಯ್ಯೋ ದೇವರೇ" ಎಂದೆ. ಎಂದದ್ದು ಹೌದು, ಸುಳ್ಳಲ್ಲ. ಆದರೆ ಆ ಮಾತು ಬಾಯಲ್ಲಿರುವಾಗಲೇ ನನ್ನ ಕಣ್ಣು ಒಲೆಯ ಕಡೆ ಹೋಗಿತ್ತು. ಇದ್ದಿಲೆಲ್ಲ ಹೊರಗೆ ತೆಗೆದು ಆರಿಸಿ ಒಂದು ಬದಿಗೆ ಒಟ್ಟಿತ್ತು. ಒಲೆಯ ಬಾಯಿಯನ್ನು ಬೂದಿ ಬಳಿದು, ಮಣ್ಣು ಮೆತ್ತಿ ಮುಚ್ಚಿತ್ತು. ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿದ್ದ.

"ಬೆಂಕಿ ಎಂತ ಮಾಡಿದೆ?"

"ತೆಗೆದೆ."

"ತೆಗೆದೆ ಅಂದರೆ?"

ಅವನು ನನ್ನನ್ನು ಅಚ್ಚರಿಯಿಂದ ನೋಡಿದ. "ಮನೆಯಲ್ಲಿ ಇವತ್ತು ಒಲೆ ಹಚ್ಚುವುದಿಲ್ಲವಲ್ಲ ಅಣ್ಣ" ಅಂದ.

ಹೇಳಬೇಕಾಗಿರಲಿಲ್ಲ. ಸಾವಾದ ಮನೆಯಲ್ಲಿ ಒಲೆ ಉರಿಯುವುದಿಲ್ಲ, ಗಂಜಿ ನೆರೆಮನೆಯಿಂದ ಬರುತ್ತದೆ. ನನ್ನ ಅಪ್ಪ ತೀರಿದಾಗ ನಮ್ಮ ಮನೆಯಲ್ಲೂ ಹಾಗೇ. ಆ ಇಡೀ ಘಾಲಾದಲ್ಲಿ, ಪಠಾಣರು ಬಂಗಾಲಿಗಳು ಈಜಿಪ್ಟಿನವರು ತುಂಬಿದ ಆ ಜಾಗದಲ್ಲಿ, ಅವನು ಮಾಡಿದ್ದು ಏನೆಂದು ವಿವರಿಸದೆಯೇ ತಿಳಿಯಬಲ್ಲವನು ನಾನೊಬ್ಬನೇ ಇದ್ದದ್ದು. ಆ ನಾನು ಹೇಳಿದ್ದು ಇದು:

"ಇದು ನಿನ್ನ ಮನೆಯಾ?"

ಅವನು ಕೈಯಿಂದ ಮುಖದ ನೀರು ಒರೆಸಿಕೊಂಡ. "ನನಗೆ ಇಲ್ಲಿ ಬೇರೆ ಒಲೆ ಇಲ್ಲ ಅಣ್ಣ" ಅಂದ.

ಕ್ಯಾಂಪಿನಲ್ಲಿ ಅವರಿಗೆ ಮೆಸ್ಸಿನ ಊಟ. ಹನ್ನೊಂದು ವರ್ಷದಲ್ಲಿ ಅವನು ಈ ದೇಶದಲ್ಲಿ ತನ್ನ ಕೈಯಾರೆ ಕಾಪಾಡಿದ ಬೆಂಕಿ ಅದೊಂದೇ. ಇದೆಲ್ಲ ನನಗೆ ಈಗ ಹೊಳೆಯುತ್ತದೆ. ಆಗ ತಲೆಯಲ್ಲಿ ಇದ್ದದ್ದು ಕಫೀಲ್ ಗಡ್ಡ ನೀವಿಕೊಂಡು ಹೇಳಿದ ಮಾತು, ಗ್ಯಾಲರಿಯವರ ಫೋಟೊ, ಸೆಪ್ಟೆಂಬರು. ಹಚ್ಚು ಎಂದೆ. ಮೇಸ್ತ್ರಿ ಬರುವುದು ಸಂಜೆಗೆ, ಅಷ್ಟರೊಳಗೆ ಮೊದಲಿನ ಹದಕ್ಕೆ ತಂದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದೆ. ಅವನು ತಲೆ ತಗ್ಗಿಸಿ, "ನಾಳೆ ಬೆಳಿಗ್ಗೆ ಹಚ್ಚುತ್ತೇನೆ ಅಣ್ಣ. ಮೇಸ್ತ್ರಿಗೆ ನಾನೇ ಹೇಳುತ್ತೇನೆ, ನೀವು ಇಂಗ್ಲಿಷ್‌ನಲ್ಲಿ ಹೇಳಿದರೆ ಸಾಕು" ಅಂದ. "ನಾಳೆ ಎಂದರೆ ನನ್ನ ಕೆಲಸ ಹೋಗ್ತದೆ ದಾಮೋದರ. ನನ್ನ ಸಂಸಾರ ರಸ್ತೆಗೆ ಬರ್ತದೆ. ಅದು ಬೇಕಾ ನಿನಗೆ?" ಎಂದೆ. ಅಮ್ಮ ಸತ್ತ ಮನುಷ್ಯನಿಗೆ ನನ್ನ ಸಂಸಾರದ ಚಿಂತೆ ಹೊರಿಸಿದೆ. ಬರೆಯುವಾಗಲೂ ನಾಚಿಕೆಯಾಗುತ್ತದೆ.

ನಾನೇ ಹಚ್ಚಬಹುದಿತ್ತು. ಹದ ಗೊತ್ತಿಲ್ಲ, ಒಮ್ಮೆಲೇ ಕಾದರೆ ಮೊಟ್ಟೆ ಬಿರಿಯುತ್ತದೆ, ನಾಲ್ಕು ಗಂಟೆ ಹೊತ್ತು ಇಷ್ಟಿಷ್ಟೇ ಏರಿಸಬೇಕು, ನನಗೆ ಬಾರದ ವಿದ್ಯೆ, ಇವೆಲ್ಲ ಸರಿ. ಆದರೆ ಅವನು ಕಟ್ಟೆಯ ಮೇಲೆ ಕೂತು ಹೇಳಿಕೊಟ್ಟಿದ್ದರೆ ನನ್ನ ಕೈಗಳು ಮಾಡುತ್ತಿದ್ದವು. ನನಗೆ ಆ ಯೋಚನೆಯೇ ಬರಲಿಲ್ಲ. ಮ್ಯಾನೇಜರ್ ಅಲ್ಲವೇ!

ಅವನು ಎದ್ದ. ಅಂಗಿ ಹಾಕಿಕೊಂಡ. ಒಲೆಯ ಬಾಯಿಯ ಮಣ್ಣನ್ನು ಬೆರಳಿನಿಂದ ಬಿಡಿಸಿದ. ಮನೆಗೆ ಹಿರಿಯ ಮಗ ಅವನು, ಅಮ್ಮನ ಚಿತೆಗೆ ಬೆಂಕಿ ಇಡಬೇಕಾದವನು. ವಿಮಾನ ಮರುದಿನಕ್ಕೆ, ಅಷ್ಟು ಹೊತ್ತು ಕಾಯಲಾಗದು ಎಂದು ತಮ್ಮನೇ ಇಡುವುದೆಂದು ಅಲ್ಲಿ ತೀರ್ಮಾನವಾಗಿತ್ತು. ಇದ್ದಿಲು ಹಿಡಿಯುತ್ತಿದ್ದ ಹೊತ್ತಿಗೆ ಅವನ ಫೋನು ಹೊಡೆದುಕೊಂಡಿತು, ವೀಡಿಯೊ ಕಾಲ್. ಎರಡು ಕೈಯೂ ಒಲೆಯ ಕೆಲಸದಲ್ಲಿತ್ತು, ಬಿಟ್ಟರೆ ಶಾಖ ಇಳಿಯುವ ಹೊತ್ತು. ಅದು ನಿಂತಿತು, ಮತ್ತೆ ಹೊಡೆದುಕೊಂಡಿತು. ಮೂರನೇ ಸಲ ಅವನು ಕಣ್ಣಿನಲ್ಲೇ ನನಗೆ ಸನ್ನೆ ಮಾಡಿದ. ನಾನು ಎತ್ತಿ ಅವನ ಮುಖದ ಎದುರು ಹಿಡಿದೆ. ಪರದೆಯ ಮೇಲೆ ಜನರ ಬೆನ್ನುಗಳು, ಮಳೆಗೆ ಕಟ್ಟಿದ ನೀಲಿ ಟಾರ್ಪಾಲು, ಅದರ ಕೆಳಗಿನಿಂದ ಏಳುತ್ತಿದ್ದ ಹೊಗೆ. ಅಮ್ಮ ಕಾಣುವ ಹೊತ್ತು ದಾಟಿತ್ತು. ಅವನು ನೋಡುತ್ತಾ, ಕೈ ನಿಲ್ಲಿಸದೆ, ಗಾಳಿ ಹಾಕಿದ. ಆಮೇಲೆ ಅಂಗೈ ಹಿಡಿದು ಎಣಿಸಿದ, ಬಾಯೊಳಗೆ.

ಸಂಜೆ ಬ್ರೂನೊ ಮೊಳೆಗಳ ಚೀಲ ಹೊತ್ತು ಬಂದರು. ಒಲೆಯ ಬಳಿ ಹೋಗಿ ಕೈ ಹಿಡಿದು ಎಂಟರವರೆಗೆ ಎಣಿಸಿ, ಒಂಬತ್ತಕ್ಕೆ ತೆಗೆದು, ದಾಮೋದರನ ಹೆಗಲು ತಟ್ಟಿದರು. ಅವನ ಮನೆಯಲ್ಲಿ ಸಾವಾಗಿದೆ ಎಂದು ನಾನು ಹೇಳಲಿಲ್ಲ. ಹೇಳಿದರೆ ಮಾತಿಗೆ ಮಾತು ಬಂದು ಬೆಂಕಿ ಆರಿದ್ದು ಹೊರಬೀಳುತ್ತದೆ ಎಂಬ ಹೆದರಿಕೆ.

ಮನೆಗೆ ಬಂದು ಊಟಕ್ಕೆ ಕೂತ ಮೇಲೆ ಹೆಂಡತಿ ವಾಸಂತಿಗೆ ಹೇಳಿದೆ, ದಾಮೋದರನ ಅಮ್ಮ ತೀರಿದರಂತೆ ಎಂದು. ಅವಳ ಕೈಯ ಸೌಟು ಅಲ್ಲೇ ನಿಂತಿತು. "ಬೆಳಿಗ್ಗೆಯಾ? ಬೆಳಿಗ್ಗೆ ಆದದ್ದನ್ನು ಈಗ ಹೇಳ್ತೀರಾ? ಒಂದು ಪಾತ್ರೆ ಗಂಜಿ ಕಳಿಸ್ತಿದ್ದೆನಲ್ಲ ನಾನು! ಅವನು ಎಂತ ತಿಂದ ಇವತ್ತು?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಬೆಂಕಿಯ ವಿಷಯ ಅವಳಿಗೆ ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ, ಇದನ್ನು ಓದಿದರೆ ತಿಳಿಯುತ್ತದೆ.

ಉಳಿದ ದಿನಗಳಲ್ಲಿ ದಾಮೋದರ ಕೆಲಸದಲ್ಲಿ ಒಂದು ಎಳೆಯೂ ಕಡಿಮೆ ಮಾಡಲಿಲ್ಲ. ಅಣ್ಣ ಎಂದು ಕರೆಯುವುದನ್ನೂ ಬಿಡಲಿಲ್ಲ. ಬಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತೋ ಏನೋ. ಅವನಿಗೆ ಗಡ್ಡ ಬೆಳೆಯಿತು. ವಾಸಂತಿ ದಿನಾ ಕಳಿಸುತ್ತಿದ್ದ ಊಟದ ಡಬ್ಬಿಯನ್ನು ತೊಳೆದು ಒರೆಸಿ ಹಿಂದಕ್ಕೆ ಕೊಡುತ್ತಿದ್ದ. ಆಗಸ್ಟಿನ ಧೂಳುಗಾಳಿ ಮೂರು ದಿನ ಬಿಡದೆ ಬೀಸಿ, ಸೂರ್ಯ ಹಿತ್ತಾಳೆಯ ಬಿಲ್ಲೆಯಂತೆ ಕಂಡ. ಶೆಡ್ಡಿನ ಗೋಡೆಯ ಕಾಗೆ, ಹಂಸ ಎಲ್ಲ ಮಾಸಿಹೋದವು. ನಾನು ದಿನಕ್ಕೆ ಎರಡು ಸಲ ಬರುವುದನ್ನು ನಿಲ್ಲಿಸಿ ಒಂದೇ ಸಲ ಬಂದೆ, ಬಾಗಿಲಿನಿಂದಲೇ ಹೊಗೆ ನೋಡಿ ಹೋದೆ. ಒಳಗಿನ ವಸ್ತು ಕೆಟ್ಟಿದ್ದರೆ, ನಡುವೆ ತಣಿದ ಗುರುತು ಮೊಟ್ಟೆ ಒಡೆದಾಗ ಕಂಡರೆ ಎಂಬ ಭಯ ಬೇರೆ. ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ನಲವತ್ತನೇ ದಿನ ಬೆಳಿಗ್ಗೆ ಒಡೆದರು. ಕಫೀಲ್, ಗ್ಯಾಲರಿಯ ಇಬ್ಬರು, ನಮ್ಮ ಹುಡುಗರು ಸುತ್ತ ನಿಂತಿದ್ದರು. ದಾಮೋದರನೇ ಸುತ್ತಿಗೆ ಹಿಡಿದು ಸುತ್ತಲೂ ಮೆಲ್ಲಗೆ ತಟ್ಟಿದ, ಮಣ್ಣು ದಪ್ಪ ಹೆಕ್ಕಳಗಳಾಗಿ ಬಿತ್ತು. ಒಳಗೆ ಕುಂಬಳಕಾಯಿ ಗಾತ್ರದ ಒಂದು ಗಟ್ಟಿ. ಮೈಯೆಲ್ಲ ಕಡುಕಪ್ಪು, ಮೇಲೆ ಉಪ್ಪಿನ ಬಿಳಿ ಹೂವು ಎದ್ದಿತ್ತು, ಬುಡದ ಹತ್ತಿರ ಕುಂಕುಮದಂಥ ಒಂದು ಕೆಂಪು. ನಡುವೆ ತಣಿದ ಗುರುತು ಎಲ್ಲೂ ಇರಲಿಲ್ಲ. ಬ್ರೂನೊ ಬರಿಗಾಲಲ್ಲಿ ಅದರ ಎದುರು ಕೂತರು, ಬಹಳ ಹೊತ್ತು ಏಳಲಿಲ್ಲ. ಕಫೀಲ್ ನನ್ನ ಬೆನ್ನು ತಟ್ಟಿ, "ಮಬ್ರೂಕ್" ಅಂದರು. ನನ್ನ ವೀಸಾ ಅಲ್ಲಿಗೆ ನವೀಕರಣವಾದಂತೆ.

ಎಲ್ಲರೂ ಹೋದ ಮೇಲೆ ಬ್ರೂನೊ ದಾಮೋದರನ ಎರಡು ಕೈ ಹಿಡಿದುಕೊಂಡು, ನನ್ನನ್ನು ಹತ್ತಿರ ಕರೆದರು. "ಇವನಿಗೆ ಹೇಳು" ಅಂದರು. "ಹನ್ನೆರಡನೇ ದಿನ, ಶುಕ್ರವಾರ ಮಧ್ಯಾಹ್ನ, ನೀವು ಯಾರೂ ಇರಲಿಲ್ಲ. ಸರದಿ ನನ್ನದು. ನಾನು ಕುರ್ಚಿಯಲ್ಲಿ ನಾಯಿಯ ಹಾಗೆ ಮಲಗಿಬಿಟ್ಟೆ. ಎದ್ದಾಗ ಬೆಂಕಿ ಸತ್ತಿತ್ತು, ತಣ್ಣಗೆ. ನಾನೇ ಮತ್ತೆ ಹಚ್ಚಿದೆ, ಯಾರಿಗೂ ಹೇಳಲಿಲ್ಲ. ಆಮೇಲೆ ಪ್ರತಿದಿನ ಇವನು ಕಾಯುವುದನ್ನು ನೋಡಿ ನಾಚಿಕೆಪಟ್ಟಿದ್ದೇನೆ. ನನ್ನ ಬೆಂಕಿ ಆರಿತು, ಇವನದು ಒಂದು ದಿನವೂ ಆರಲಿಲ್ಲ. ನನಗಿಂತ ದೊಡ್ಡ ಕೆಲಸಗಾರ ಇವನು. ಹೇಳು, ಎಲ್ಲವನ್ನೂ ಹೇಳು."

ಹನ್ನೆರಡನೇ ದಿನ. ಅಂದರೆ ಆ ಬೆಳಿಗ್ಗೆ ನಾನು ಯಾವುದನ್ನು ಉಳಿಸಲು ಅವನಿಂದ ಒಲೆ ಹಚ್ಚಿಸಿದೆನೋ, ಅದು ಹದಿನೇಳು ದಿನ ಮೊದಲೇ ಇರಲಿಲ್ಲ. ಮುದುಕರು ಒದ್ದೆ ಕಣ್ಣಲ್ಲಿ ನನ್ನ ಬಾಯಿ ನೋಡುತ್ತಿದ್ದರು. ದಾಮೋದರನೂ ನೋಡುತ್ತಿದ್ದ.

"ಎಂತ ಹೇಳ್ತಾರೆ ಅಣ್ಣ?"

"ಒಳ್ಳೆ ಕೆಲಸ ಮಾಡಿದ್ದಿ ಅಂತಾರೆ" ಎಂದೆ.

"ಅಷ್ಟೇನಾ?"

"ಅಷ್ಟೇ."

ಅವನು ಬ್ರೂನೊಗೆ ಕೈ ಮುಗಿದ. ಅವರು ಅವನನ್ನು ತಬ್ಬಿಕೊಂಡರು.

ಮರುದಿನ ಊರಿನಲ್ಲಿ ಅವನ ಅಮ್ಮನ ಬೊಜ್ಜ, ಹದಿಮೂರನೇ ದಿನದ ಕಾರ್ಯ. ಅದಕ್ಕೆ ಮುಟ್ಟುವ ಹಾಗೆ ಅವತ್ತು ಸಂಜೆಯ ಮಂಗಳೂರು ವಿಮಾನಕ್ಕೆ ರಜೆ ಹಾಕಿಸಿದ್ದೆ. ಏರ್‌ಪೋರ್ಟಿಗೆ ಡ್ರೈವರನನ್ನು ಕಳಿಸಬಹುದಿತ್ತು, ನಾನೇ ಬಿಡುತ್ತೇನೆ ಎಂದೆ. ಘಾಲಾದಿಂದ ಏರ್‌ಪೋರ್ಟ್ ದೂರವೇನಲ್ಲ. ಹೈವೇ ಸೇರಿದ ಮೇಲೆ ತಡೆಯಲಾಗಲಿಲ್ಲ. ರಸ್ತೆಯ ಮೇಲೆ ಕಣ್ಣಿಟ್ಟುಕೊಂಡು ಎಲ್ಲವನ್ನೂ ಹೇಳಿಬಿಟ್ಟೆ, ಬ್ರೂನೊ ನಿಜವಾಗಿ ಹೇಳಿದ್ದು ಏನು, ನಾನು ಮುಚ್ಚಿಟ್ಟದ್ದು ಏನು ಎಂದು.

ದಾಮೋದರ ಕಿಟಕಿಯ ಹೊರಗೆ ನೋಡುತ್ತಿದ್ದ. "ಶುಕ್ರವಾರದ್ದಾ? ಅದು ಗೊತ್ತು ಅಣ್ಣ" ಅಂದ.

"ಗೊತ್ತಾ?"

"ನಾನು ಊಟ ಮುಗಿಸಿ ಬರುವಾಗ ಅವರು ಮೊಣಕಾಲೂರಿ ಊದುತ್ತಾ ಇದ್ದರು. ಪ್ರಾಯ ಆದವರು. ನಾನು ನೋಡಿದೆ ಅಂತ ಗೊತ್ತಾದರೆ ಬೇಜಾರು ಮಾಡ್ಕೊಳ್ತಾರಲ್ಲ? ಟಯರಿನ ರಾಶಿಯ ಹಿಂದೆ ನಿಂತೆ. ಹೊಗೆ ಬಂದ ಮೇಲೆ ಒಳಗೆ ಹೋದೆ."

"ಹಾಗಾದರೆ ಅವತ್ತು ನನಗೆ ಯಾಕೆ ಹೇಳಲಿಲ್ಲ ಮಾರಾಯ? ಮೊದಲೇ ಒಮ್ಮೆ ಆರಿದೆ ಎಂದು ಒಂದು ಮಾತು ಹೇಳಿದ್ದರೆ..."

"ಹೇಳಿದ್ದರೆ ಎಂತ ಮಾಡ್ತಿದ್ರಿ?"

ಹೇಳಿದ್ದರೂ ಹಚ್ಚಿಸುತ್ತಿದ್ದೆ, ಅದು ಇಬ್ಬರಿಗೂ ಗೊತ್ತಿತ್ತು. ಏರ್‌ಪೋರ್ಟಿನ ತಿರುವು ಬಂದಾಗ ಅವನು ಮತ್ತೆ ಮಾತಾಡಿದ. ದನಿಯಲ್ಲಿ ಸಿಟ್ಟು ಇರಲಿಲ್ಲ, ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

"ನೀವು ಅವತ್ತೂ ಬೆಂಕಿದೇ ಕೇಳಿದ್ರಿ ಅಣ್ಣ. ಇವತ್ತೂ ಅದನ್ನೇ ಹೇಳ್ತಾ ಇದ್ದೀರಿ. ಅಮ್ಮನಿಗೆ ಎಂತ ಆಗಿತ್ತು ಅಂತ ಒಂದು ಸಲವೂ ಕೇಳಲಿಲ್ಲ."

ಹನ್ನೆರಡು ದಿನ. ವಾಸಂತಿ ಕೇಳಿದ್ದಳು, ಫೋನು ಮಾಡಿ. ಕ್ಯಾಂಪಿನ ಬಂಗಾಲಿಗಳು ಕೇಳಿರಬೇಕು. ಅದೇ ಮನುಷ್ಯನ ಎದುರು ದಿನಾ ನಿಂತು, ನನಗೆ ಆ ಮಾತು ಬಾಯಿಗೆ ಬಂದಿರಲಿಲ್ಲ.

ಡಿಪಾರ್ಚರ್ ಬಾಗಿಲಿನ ಮುಂದೆ ಕಾರು ನಿಲ್ಲಿಸಿದೆ. ಇಳಿದು, ಡಿಕ್ಕಿಯಿಂದ ಅವನ ಪೆಟ್ಟಿಗೆಯನ್ನು ನಾನೇ ಎತ್ತಿ ಟ್ರಾಲಿಗೆ ಇಟ್ಟೆ. ಅವನು ಟ್ರಾಲಿಯ ಹಿಡಿಗೆ ಕೈ ಹಾಕಿದ್ದ.

"ದಾಮೋದರ" ಎಂದೆ. "ಅಮ್ಮನಿಗೆ ಎಂತ ಆಗಿತ್ತು?"

ಅವನು ನನ್ನ ಮುಖವನ್ನು ಒಂದು ಗಳಿಗೆ ನೋಡಿದ.

"ಈಗ ಬೇಡ ಅಣ್ಣ" ಎಂದು ಟ್ರಾಲಿ ತಳ್ಳಿಕೊಂಡು ಒಳಗೆ ಹೋದ.